ಬಿದ್ದ ಹಲ್ಲಿನ ಜಾಗ ಕಾಯುತ್ತಾ

ಮಕ್ಕಳ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡಿದಷ್ಟೂ ವರ್ಷ ನನ್ನ ಬೆನ್ನು ಬಿಡದ ಪ್ರಶ್ನೆ ಒಂದೇ: "ಬಿದ್ದೋಗೋ ಹಲ್ಲಿಗೆ ಇಷ್ಟೆಲ್ಲಾ ಯಾಕೆ ಮೇಡಂ?" ತುಮಕೂರಿನ ಬಟವಾಡಿಯಲ್ಲಿ ಕೇಳಿದರು, ಗುಬ್ಬಿಯಲ್ಲಿ ಕೇಳಿದರು, ಕುಣಿಗಲ್ಲಿನಲ್ಲಿ ಕೇಳಿದರು. ಸ್ಕೂಲ್ ಮೇಷ್ಟ್ರು ಕೇಳಿದರು, ತೆಂಗಿನ ತೋಟದವರು ಕೇಳಿದರು. ನನ್ನ ಗಂಡನ ಸೋದರತ್ತೆಯಂತೂ ನಮ್ಮ ಮದುವೆಯ ಬೀಗರೂಟದ ದಿನ, ಎಲೆಗೆ ಪಾಯಸ ಬೀಳುತ್ತಿರುವಾಗಲೇ ಕೇಳಿದ್ದರು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿ, "ಮೇಡಂ, ಪೇರೆಂಟ್ಸಿಗೆ ಹೇಗೆ ಹೇಳೋದು?" ಅಂತ ಕೇಳುತ್ತಾರೆ. ಅದು ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲ. ಅದಕ್ಕೇ ಬರೆಯಲು ಕೂತೆ.

ವಿಷಯ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಹಾಲುಹಲ್ಲು ಸುಮ್ಮನೆ ಅಗಿಯುವುದಕ್ಕೆ ಮಾತ್ರ ಇರುವುದಲ್ಲ. ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅದು ಜಾಗ ಹಿಡಿದುಕೊಂಡು ನಿಂತಿರುತ್ತದೆ. ಹತ್ತು ಹನ್ನೊಂದು ವರ್ಷಕ್ಕೆ ಬೀಳಬೇಕಾದ ದವಡೆಯ ಹಾಲುಹಲ್ಲು ಹುಳುಕಾಗಿ ಆರೇಳು ವರ್ಷಕ್ಕೇ ಹೋದರೆ, ಹಿಂದಿನ ಹಲ್ಲು ಮೆಲ್ಲಗೆ ಮುಂದಕ್ಕೆ ಜಾರಿ ಆ ಜಾಗ ನುಂಗುತ್ತದೆ. ಆಮೇಲೆ ಬರಬೇಕಾದ ಹಲ್ಲು ಅಡ್ಡಾದಿಡ್ಡಿ ಹುಟ್ಟುತ್ತದೆ, ಇಲ್ಲವೇ ಮೂಳೆಯೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗದಂತೆ ಪಕ್ಕದ ಹಲ್ಲಿಗೆ ಸ್ಟೀಲಿನ ಬ್ಯಾಂಡನ್ನು ಉಂಗುರದಂತೆ ತೊಡಿಸಿ, ಅದಕ್ಕೆ ಬೆಸೆದ ತಂತಿಯ ಕುಣಿಕೆಯನ್ನು ಖಾಲಿ ಜಾಗದ ಆಚೆಗಿನ ಹಲ್ಲಿಗೆ ತಾಗಿಸಿ, ಸಿಮೆಂಟ್ ಹಾಕಿ ಕೂರಿಸುತ್ತೇವೆ. ಮಗು ಅದನ್ನು ತೆಗೆಯುವಂತಿಲ್ಲ, ಹಾಕುವಂತಿಲ್ಲ. ಪುಸ್ತಕದಲ್ಲಿ ಅದಕ್ಕೆ ಸ್ಪೇಸ್ ಮೇಂಟೇನರ್ ಅಂತ ಹೆಸರು. ನಮ್ಮ ಕಡೆ ಜನ ಮೊದಲಿನಿಂದಲೂ "ತಂತಿ" ಅಂದರು. ನಾನೂ ತಂತಿ ಅಂತಲೇ ಬರೆಯುತ್ತೇನೆ.

ಓದು ಮುಗಿಸಿ ಬಂದಾಗ ಈ ಜಿಲ್ಲೆಯಲ್ಲಿ ಮಕ್ಕಳ ಹಲ್ಲಿಗೇ ಬೇರೆ ಡಾಕ್ಟರು ಇರುತ್ತಾರೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕೆಲಸ ಸಿಕ್ಕಿದ್ದು ಬಟವಾಡಿಯಲ್ಲಿ, ಟೈರ್ ಅಂಗಡಿಯ ಮಹಡಿಯ ಮೇಲಿದ್ದ ಡಾಕ್ಟರ್ ಪಂಚಾಕ್ಷರಯ್ಯನವರ ಕ್ಲಿನಿಕ್ಕಿನಲ್ಲಿ. ಹಲ್ಲು ಕೀಳುವುದರಲ್ಲಿ ಸರ್ ಎತ್ತಿದ ಕೈ. ಅವರು ಕಿತ್ತರೆ ನೋವೇ ಇಲ್ಲ ಅಂತ ಕುಣಿಗಲ್ ಆಚೆಯಿಂದಲೂ ಬಸ್ ಹತ್ತಿ ಬರುತ್ತಿದ್ದರು. ಹಣೆಯ ಮೇಲೆ ವಿಭೂತಿ, ಮೇಲಿನ ಜೇಬಿನಲ್ಲಿ ಪುಟ್ಟ ಟಾರ್ಚು, ಬಾಯಿ ತುಂಬ ಮಾತು. ಮಗು ಕುರ್ಚಿಯಲ್ಲಿ ಕೂತರೆ ಸಾಕು, "ನಿಮ್ಮನೇಲಿ ಎಷ್ಟ್ ಎಮ್ಮೆ ಅವೆ? ಯಾವ್ದು ಜಾಸ್ತಿ ಒದೀತದೆ?" ಅಂತ ಶುರು ಮಾಡುತ್ತಿದ್ದರು. ಒದೆಯುವ ಎಮ್ಮೆಯ ವರ್ಣನೆ ಮುಗಿಯುವುದರೊಳಗೆ ಹಲ್ಲು ಹೊರಗೆ ಬಂದಿರುತ್ತಿತ್ತು.

ಮೊದಲ ವಾರದಲ್ಲೇ ನಾನು ತಂತಿಯ ಮಾತೆತ್ತಿದೆ. ಸರ್ ಏಳು ವರ್ಷದ ಹುಡುಗನ ಎರಡು ದವಡೆ ಹಲ್ಲು ಕಿತ್ತು ಕಳಿಸುತ್ತಿದ್ದರು.

"ಸರ್, ಈ ಜಾಗಕ್ಕೆ ಮೇಂಟೇನರ್ ಹಾಕೋಣ್ವಾ?"

"ಏನಮ್ಮಾ ವಸುಂಧರಾ, ಹಾಲುಹಲ್ಲು ಇರೋದೇ ಬೀಳಕ್ಕೆ ಕಣಮ್ಮ. ದೇವ್ರು ಇಟ್ಟಿರೋ ಏರ್ಪಾಟಿಗೆ ನಾವ್ ಯಾಕ್ ತಂತಿ ಕಟ್ಬೇಕು? ನನ್ ಕಾಲ್ದಾಗೆ ಯಾವನ್ಗೂ ತಂತಿ ಇರ್ಲಿಲ್ಲ, ಎಲ್ರೂ ಮುದ್ದೆ ಉಂಡ್ರು, ಮದ್ವೆ ಆದ್ರು."

"ಮುದ್ದೆ ಅಗಿಯೋದಲ್ಲ ಸರ್, ನುಂಗೋದು," ಅಂದೆ.

ಅವರು ಗಟ್ಟಿಯಾಗಿ ನಕ್ಕರು. ಆದರೆ ಹುಡುಗನನ್ನು ತಂತಿ ಇಲ್ಲದೆಯೇ ಕಳಿಸಿದರು. ನನ್ನನ್ನು ಅವರು ಕಡೆಗಣಿಸಲಿಲ್ಲ, ಅದನ್ನೂ ಹೇಳಬೇಕು. ಬುಧವಾರ ಗುಬ್ಬಿಯಲ್ಲಿ, ಶನಿವಾರ ಕುಣಿಗಲ್ಲಿನಲ್ಲಿ ಅವರದೇ ಎರಡು ಸಣ್ಣ ರೂಮುಗಳಿದ್ದವು. "ಅಲ್ಲಿ ನೀನೇ ದೊಡ್ಡ ಡಾಕ್ಟ್ರು. ನಿನ್ ತಂತಿ ಅಲ್ಲಿ ಮಾರ್ಕೋ ಹೋಗು," ಅಂತ ಬೀಗದ ಕೈ ಕೊಟ್ಟರು.

ಮಾರುವುದು ಸುಲಭವಿರಲಿಲ್ಲ. ಅಚ್ಚು ತೆಗೆಯುವುದು ಆಗ ದೊಡ್ಡ ಯುದ್ಧ. ಪುಡಿಗೆ ನೀರು ಹಾಕಿ ದೋಸೆ ಹಿಟ್ಟಿನಂತೆ ಕಲಸಿ, ಅಚ್ಚಿನ ತಟ್ಟೆಗೆ ತುಂಬಿ, ಮಗುವಿನ ಬಾಯೊಳಗೆ ಒತ್ತಿ ಹಿಡಿಯಬೇಕು, ಅದು ಗಟ್ಟಿಯಾಗುವವರೆಗೆ. ಗಂಟಲಿಗೆ ತಾಗಿದರೆ ವಾಂತಿ. ಗುಬ್ಬಿಯಲ್ಲಿ ನನ್ನ ಮೊದಲ ಮೂರ್ನಾಲ್ಕು ಮಕ್ಕಳು ನನ್ನ ಸೀರೆಯ ಮೇಲೆಯೇ ತಿಂದಿದ್ದನ್ನೆಲ್ಲ ಕಕ್ಕಿದರು. ಒಬ್ಬಳು ಬೆರಳು ಕಚ್ಚಿದಳು, ಉಗುರು ಕಪ್ಪಾಯಿತು. ಆ ಸಂಜೆ ಬಟವಾಡಿಗೆ ಬಂದು ಬೆರಳು ತೋರಿಸಿದಾಗ ಸರ್ ನಗಲಿಲ್ಲ.

"ಅಚ್ಚು ಬಾಯಿಗಿಟ್ಟ ತಕ್ಷಣ ಎಡಗಾಲು ಮೇಲೆತ್ತು ಅನ್ನು. ಇಳಿಸ್ಬೇಡ, ಇಳಿಸಿದ್ರೆ ಔಟು ಅನ್ನು. ಮಗೀನ ಜ್ಞಾನ ಎಲ್ಲಾ ಕಾಲಿಗೆ ಹೋಗ್ತದೆ. ಗಂಟ್ಲು ಮರ್ತೋಗ್ತದೆ."

ಮುಂದಿನ ಬುಧವಾರ ಹಾಗೇ ಮಾಡಿದೆ. ಮಗು ಎಡಗಾಲನ್ನು ಕೋಲಿನಂತೆ ನೆಟ್ಟಗೆ ಎತ್ತಿಕೊಂಡು ಕೂತಿತು, ಅಚ್ಚು ಸಲೀಸಾಗಿ ಬಂತು. ತಂತಿಯಲ್ಲಿ ನಂಬಿಕೆ ಇಲ್ಲದವರೇ ತಂತಿ ಹಾಕುವುದಕ್ಕೆ ನನಗೆ ದಾರಿ ಮಾಡಿಕೊಟ್ಟರು. ಅವರ ಸ್ವಭಾವವೇ ಹಾಗೆ.

ಜನರಿಗೆ ಹೇಳುವ ಬಗೆ ಮಾತ್ರ ಸರ್‌ಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಯಡಿಯೂರಿನ ಗಂಗಮ್ಮ. ಅವರ ಮನೆಯವರದು ದೇವಸ್ಥಾನದ ದಾರಿಯಲ್ಲಿ ಹಣ್ಣುಕಾಯಿ ಅಂಗಡಿ. ತೆಂಗಿನಕಾಯಿ, ಕರ್ಪೂರ, ಕಲ್ಲುಸಕ್ಕರೆ, ಪುರಿ. ಮೊಮ್ಮಗಳು ಚಂದನ ಹುಟ್ಟಿದಾಗಿನಿಂದ ಕಲ್ಲುಸಕ್ಕರೆಯ ಡಬ್ಬದ ಪಕ್ಕದಲ್ಲೇ ಬೆಳೆದವಳು. ಆರೂವರೆ ವರ್ಷಕ್ಕೆ ಕೆಳಗಿನ ದವಡೆಯ ಹಾಲುಹಲ್ಲು ಬೇರಿನವರೆಗೆ ಕೊಳೆತು ಕೆನ್ನೆ ಊದಿಕೊಂಡಿತ್ತು. ಕುಣಿಗಲ್ಲಿನ ರೂಮಿಗೆ ಅಜ್ಜಿಯೇ ಕರೆದುಕೊಂಡು ಬಂದರು. ಊತ ಇಳಿದ ಮೇಲೆ ಹಲ್ಲು ಕಿತ್ತೆ. ತಂತಿಯ ಬಗ್ಗೆ ಶುರು ಮಾಡಿದೆ. ಬೆಳವಣಿಗೆ, ದವಡೆ, ಶಾಶ್ವತ ಹಲ್ಲಿನ ದಿಕ್ಕು ಎಂದು ಏನೇನೋ ಹೇಳಿದೆ. ಗಂಗಮ್ಮ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮುಖವನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೆ ಕೇಳಿದರು.

"ಅಂದ್ರೆ, ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿದಂಗೆ ಅನ್ನು?"

ನಾನು ಕೈಯಲ್ಲಿದ್ದ ತಂತಿಯನ್ನು ಟ್ರೇಯಲ್ಲಿಟ್ಟೆ.

"ಅಲ್ವಾ ಮತ್ತೆ? ಬರೋನು ಇನ್ನೂ ಟೀ ಕುಡೀತಾವ್ನೆ. ಅವ್ನು ಬರೋಗಂಟ ಪಕ್ಕದೋನು ಸರ್ಕೊಂಡು ಕೂತ್ಕಬಾರ್ದು. ಅದ್ಕೆ ಕಿಟ್ಕೀಲಿ ಟವಲ್ ಹಾಕೋದು. ಇದನ್ನ ಹೇಳಕ್ಕೆ ಇಷ್ಟೊತ್ತಾ ತಾಯಿ? ಹಾಕ್ಬುಡು."

ಆಮೇಲೆ ನಾನು ಯಾವ ಅಪ್ಪ ಅಮ್ಮನಿಗೂ ದವಡೆಯ ಬೆಳವಣಿಗೆ ಹೇಳಲಿಲ್ಲ. ಬಸ್ಸು, ಸೀಟು, ಟವಲ್ಲು. ಮುಖ ಅರಳುತ್ತಿತ್ತು. ಗಂಗಮ್ಮ ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಗೆ ಬಂದ ಯಾವ ಮಗು ಬಾಯಿ ತೆರೆದರೂ ಒಳಗೆ ಇಣುಕಿ ನೋಡಿ, "ಕುಣಿಗಲ್ಗೆ ಕರ್ಕೊಂಡ್ ಹೋಗ್ರಿ, ಅಲ್ಲೊಂದ್ ಎಣ್ಣುಡ್ಗಿ ಡಾಕ್ಟ್ರವ್ಳೆ, ಟವಲ್ ಹಾಕ್ತಾಳೆ," ಅಂತ ಹೇಳಿ ಕಳಿಸತೊಡಗಿದರು. ಕಲ್ಲುಸಕ್ಕರೆ ಮಾರುವುದನ್ನಂತೂ ಅವರು ನಿಲ್ಲಿಸಲಿಲ್ಲ. ನಾನೂ ಆ ಮಾತೆತ್ತಲಿಲ್ಲ.

ಹಾಕಿದ್ದು ಉಳಿಯಬೇಕಲ್ಲ! ನಮ್ಮ ಜಿಲ್ಲೆಯಲ್ಲಿ ತಂತಿಯ ಶತ್ರು ಕೊಬ್ಬರಿ. ತೋಟದ ಮನೆಯ ಮಕ್ಕಳ ಜೇಬಿನಲ್ಲಿ ಕೊಬ್ಬರಿ ಬೆಲ್ಲ ಯಾವಾಗಲೂ ಇರುತ್ತದೆ. ಒಣಕೊಬ್ಬರಿಯನ್ನು ಕಟಕಟ ಕಡಿದರೆ ಎಂಥ ಸಿಮೆಂಟೂ ನಿಲ್ಲುವುದಿಲ್ಲ. ಗುಬ್ಬಿ ಹತ್ತಿರದ ತೋಟದ ಹುಡುಗ ತೇಜಸ್, ಮಹಾ ಚೂಟಿ. ತಂತಿ ಹಾಕಿದ ಎರಡನೇ ತಿಂಗಳು ಅವನಪ್ಪ ರಾಜಣ್ಣ ಬಟವಾಡಿಯ ಮೆಟ್ಟಿಲು ಹತ್ತುತ್ತಲೇ ಕೂಗಿದರು.

"ಮೇಡಂ! ನುಂಗ್ಬುಟ್ಟವ್ನೆ ಮೇಡಂ! ತಂತಿ ನುಂಗ್ಬುಟ್ಟವ್ನೆ!"

ಹೊಟ್ಟೆಗೆ ಹೋಗಿದ್ದರೆ ಹೆದರಿಕೆ ಕಡಿಮೆ, ಶ್ವಾಸನಾಳಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯ. ಹುಡುಗ ಆರಾಮವಾಗಿ ನಿಂತಿದ್ದ, ಕೆಮ್ಮಿರಲಿಲ್ಲ, ಮುಖ ಮಾತ್ರ ಸಪ್ಪಗಿತ್ತು. ತಕ್ಷಣ ಆಟೊದಲ್ಲಿ ಕೂರಿಸಿಕೊಂಡು ಎಕ್ಸ್‌ರೇ ತೆಗೆಸಿದೆವು. ಹೊಟ್ಟೆಯಲ್ಲಿ ಬಿಳಿಯಾಗಿ, ಪುಟ್ಟ ಕುಣಿಕೆಯ ಸಮೇತ ಕಾಣುತ್ತಿತ್ತು. ಆಸ್ಪತ್ರೆಯ ಡಾಕ್ಟರು, "ತಾನಾಗೇ ಹೋಗುತ್ತೆ. ಮುದ್ದೆ, ಬಾಳೆಹಣ್ಣು ಕೊಡಿ, ಗಮನಿಸ್ತಾ ಇರಿ, ಹೊಟ್ಟೆನೋವು ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ," ಅಂದರು. ನನಗೆ ಆ ವಾರವೆಲ್ಲ ನಿದ್ದೆ ಸರಿಯಾಗಿ ಬರಲಿಲ್ಲ.

ವಾರ ಕಳೆಯುವುದರೊಳಗೆ ರಾಜಣ್ಣ ಮತ್ತೆ ಬಂದರು. ಹೊರಗೆ ಬೆಂಚಿನ ತುಂಬ ಜನ. ಅವರು ಒಂದು ಪ್ಲಾಸ್ಟಿಕ್ ಕವರ್ ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಬಂತು ಮೇಡಂ! ಚೆನ್ನಾಗಿ ಸೋಪಾಕಿ ತೊಳ್ದಿದೀನಿ, ಬಿಸಿನೀರಲ್ಲೂ ಕುದ್ಸಿದೀನಿ. ಒಳ್ಳೆ ಸ್ಟೀಲು, ಏನೂ ಆಗಿಲ್ಲ. ವಾಪಸ್ ಇದನ್ನೇ ಹಾಕ್ಬುಡಿ!"

ಒಳಗಿದ್ದ ಪಂಚಾಕ್ಷರಯ್ಯ ಸರ್ ಹಲ್ಲು ಕೀಳುವ ಇಕ್ಕಳ ಟ್ರೇಯಲ್ಲಿಟ್ಟು ಗೋಡೆಗೆ ಒರಗಿ ನಗತೊಡಗಿದರು. ಬೆಂಚಿನ ಮೇಲಿದ್ದವರೂ ನಕ್ಕರು. ತೇಜಸ್ ಅಪ್ಪನ ಬೆನ್ನ ಹಿಂದೆ ಅಡಗಿಕೊಂಡ. ನಾನು ಹೊಸದನ್ನೇ ಹಾಕಿದೆ. ಮೊದಲಿನ ಬ್ಯಾಂಡು ಅವನ ಹಲ್ಲಿಗೆ ಕೂದಲೆಳೆಯಷ್ಟು ದೊಡ್ಡದಾಗಿತ್ತು, ಅದಕ್ಕೇ ಸಡಿಲಾಗಿತ್ತು. ಹೊಸದಾಗಿ ಬರುವವರು ಇದನ್ನು ನೆನಪಿಟ್ಟುಕೊಳ್ಳಿ: ಬ್ಯಾಂಡು ಒತ್ತಿ ಕೂರಿಸಲು ಸ್ವಲ್ಪ ಕಷ್ಟವಾದರೆ ಅದು ಸರಿಯಾದ ಬ್ಯಾಂಡು. ಸಲೀಸಾಗಿ ಕೂತಿತು ಅಂತ ಖುಷಿಪಟ್ಟರೆ ಅದು ಸಿಮೆಂಟಿನ ಮೇಲೆ ನಿಂತಿದೆ ಅಂತಲೇ ಅರ್ಥ. ಕೊಬ್ಬರಿ ತಿನ್ನಬೇಡ ಅಂತ ಮಗುವಿಗೆ ಹೇಳಿ ಪ್ರಯೋಜನವಿಲ್ಲ. "ಇನ್ನೊಂದ್ ಕಡೇಲಿ ಅಗಿ," ಅನ್ನಿ. ಕೇಳುತ್ತಾರೆ.

ಇನ್ನು ನನ್ನ ಕೆಲಸದ ದಿಕ್ಕನ್ನೇ ತಿದ್ದಿದ ಒಂದು ಸಂಗತಿ. ತುಮಕೂರಿನ ಸುತ್ತ ಫ್ಯಾಕ್ಟರಿಗಳು ಬಂದ ಮೇಲೆ ಗುಬ್ಬಿಗೂ ಹೊರಗಿನ ಊರುಗಳಿಂದ ಕೆಲಸಕ್ಕೆ ಬಂದ ಕುಟುಂಬಗಳು ಹೆಚ್ಚಾದವು. ಆ ಕಡೆ ಬಾಡಿಗೆ ಮನೆ ಹಿಡಿದಿದ್ದ ಸುಮಾ ಎಂಬ ತಾಯಿ ಒಂದು ಬುಧವಾರ ಐದು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗುವಿನ ಹೆಸರು ಸಿಂಚನ. ತೆಳ್ಳಗೆ, ದೊಡ್ಡ ಕಣ್ಣು, ಜೋರಾಗಿ ಮಾತಾಡುವುದೇ ಇಲ್ಲ. ಕೆಳಗಿನ ದವಡೆಯ ಕೊನೆಯ ಹಾಲುಹಲ್ಲು ಪೂರ್ತಿ ಹಾಳಾಗಿತ್ತು, ಕೀವು ತುಂಬಿತ್ತು.

ಇಲ್ಲಿ ಒಂದು ತೊಡಕಿತ್ತು. ಆ ಹಲ್ಲಿನ ಹಿಂದೆ ಬರಬೇಕಾದ ಮೊದಲ ಶಾಶ್ವತ ದವಡೆ ಹಲ್ಲು ಇನ್ನೂ ಹುಟ್ಟಿರಲಿಲ್ಲ, ವಸಡಿನೊಳಗೇ ಇತ್ತು. ಅಂಥ ಕಡೆ ತಂತಿಯ ತುದಿಯನ್ನು ವಸಡಿನೊಳಕ್ಕೆ ಇಳಿಸಿ, ಒಳಗಿರುವ ಹಲ್ಲಿಗೆ ದಾರಿ ತೋರಿಸುವ ಒಂದು ವಿಧಾನವಿದೆ. ಕಷ್ಟದ ಕೆಲಸ. ಓದುವಾಗ ಮಾತ್ರ ಮಾಡಿದ್ದೆ. ಮಾಡಲು ಕೈ ತುಡಿಯುತ್ತಿತ್ತು. ತುಮಕೂರಿನಲ್ಲಿ ಯಾರೂ ಮಾಡಿರಲಾರರು ಅಂತ ಒಳಗೊಳಗೇ ಹೆಮ್ಮೆ ಬೇರೆ. ಮೊದಲು ಕೇಳಬೇಕಾದ ಪ್ರಶ್ನೆ ಕೇಳಿದೆ: "ಮಗೂಗೆ ಬೇರೇನಾದ್ರೂ ಕಾಯಿಲೆ ಇದ್ಯಾ? ಹಾರ್ಟು, ಫಿಟ್ಸು, ಅಸ್ತಮಾ?" ಸುಮಾ ತಲೆ ತಗ್ಗಿಸಿ, "ಏನಿಲ್ಲ ಮೇಡಂ," ಅಂದಳು. ಊತಕ್ಕೆ ಔಷಧಿ ಬರೆದು, ಹಲ್ಲು ಕೀಳುವುದಕ್ಕೆ ಬಟವಾಡಿಗೆ ಬರಹೇಳಿದೆ. ಗುಬ್ಬಿಯ ರೂಮಿನಲ್ಲಿ ಅಷ್ಟು ಸೌಕರ್ಯ ಇರಲಿಲ್ಲ.

ಅವತ್ತು ಎಲ್ಲ ಸಿದ್ಧಮಾಡಿಕೊಂಡು ಕೂತಿದ್ದೆ. ಸರ್ ಟೀ ಕುಡಿಯುತ್ತಾ ಬಾಗಿಲಲ್ಲಿ ನಿಂತಿದ್ದರು. ತಾಯಿ ಮಗಳು ಮೆಟ್ಟಿಲು ಹತ್ತಿ ಬಂದರು. ಒಳಗೆ ಬಂದ ಮಗು ಕುರ್ಚಿಯ ಕಡೆ ಬರಲಿಲ್ಲ, ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟಿತು. ಹೆದರಿಕೆಗೆ ಕೂತಿದೆ ಅಂದುಕೊಂಡೆ. ಸರ್ ಟೀ ಲೋಟ ಕಿಟಕಿಯಲ್ಲಿಟ್ಟು ಮಗುವಿನ ಮುಂದೆ ತಾವೂ ಕುಕ್ಕರುಗಾಲಲ್ಲಿ ಕೂತರು. ಅವರ ಮಂಡಿ ಲಟಕ್ಕೆಂದಿತು. ಮಗುವಿನ ಕೈ ತೆಗೆದುಕೊಂಡು ಬೆರಳ ತುದಿ ನೋಡಿದರು, ತುಟಿ ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಆಟ ಆಡ್ವಾಗ್ಲೂ ಇಂಗೇ ಕುಕ್ಕರ್ ಕೂತ್ಕೋತದೇನಮ್ಮ?"

ಸುಮಾಳ ಕಣ್ಣಲ್ಲಿ ನೀರು ಬಂತು.

"ಅಳ್ಬ್ಯಾಡ. ನಿನ್ನ ಯಾರೂ ಬಯ್ಯಲ್ಲ. ಹೇಳು."

"ಹಾರ್ಟಲ್ಲಿ ತೂತೈತೆ ಅಂದವ್ರೆ ಸರ್. ಬೆಂಗ್ಳೂರಲ್ಲಿ ತೋರಿಸ್ತಾ ಇದೀವಿ. ಆಪ್ರೇಷನ್ ಮಾಡ್ಬೇಕು, ಇನ್ನೊಂದ್ ಸ್ವಲ್ಪ ತೂಕ ಬರ್ಲಿ ಅಂದವ್ರೆ. ಅದನ್ ಹೇಳಿದ್ರೆ ಯಾವ್ ಡಾಕ್ಟ್ರೂ ಹಲ್ ಮುಟ್ಟಲ್ಲ ಅಂತ ನಮ್ಮತ್ತೆ ಹೇಳ್ಬೇಡ ಅಂದ್ರು. ಮಗು ರಾತ್ರಿಯೆಲ್ಲಾ ಅಳುತ್ತೆ ಸರ್, ಏನ್ ಮಾಡ್ಲಿ?"

ನಾನು ಕೈಗವಸು ತೆಗೆದು ಟ್ರೇಯ ಮೇಲಿಟ್ಟೆ. ಹಲ್ಲಿನ ಕೀವಿನ ಕ್ರಿಮಿ ರಕ್ತದ ಮೂಲಕ ಹೃದಯಕ್ಕೆ ಹೋದರೆ ಅಂಥ ಮಕ್ಕಳಿಗೆ ಪ್ರಾಣಾಪಾಯ. ಮುಂಜಾಗ್ರತೆ ಇಲ್ಲದೆ ಹಲ್ಲು ಕೀಳುವಂತಿಲ್ಲ. ವಸಡಿನೊಳಗೆ ತುದಿ ಇಳಿಸುವ ತಂತಿಯನ್ನಂತೂ ಹಾಕಲೇಬಾರದು. ಅದು ತಿಂಗಳುಗಟ್ಟಲೆ ಬಾಗಿಲು ತೆರೆದಿಟ್ಟಂತೆ. ಇಂಥ ಮಕ್ಕಳು ದಣಿದಾಗ ಕುಕ್ಕರುಗಾಲಲ್ಲಿ ಕೂರುತ್ತಾರೆ, ತುಟಿ, ಬೆರಳ ತುದಿ ನೀಲಿಗಟ್ಟುತ್ತವೆ ಅನ್ನುವುದೂ ಸೇರಿ ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಎದುರಿಗೆ ಕೂತ ಮಗುವಿನಲ್ಲಿ ಕಾಣುವುದು ಬೇರೆ.

ಸರ್ ಆ ತಾಯಿಗೆ ಕುರ್ಚಿ ಹಾಕಿ ಕೂರಿಸಿ, ಬೆಂಗಳೂರಿನ ಹೃದ್ರೋಗದ ಡಾಕ್ಟರಿಗೆ ತಾವೇ ಫೋನ್ ಮಾಡಿ ಮಾತಾಡಿದರು. ಮೂರು ದಿನದಲ್ಲಿ ಆ ಆಸ್ಪತ್ರೆಯಲ್ಲೇ, ಮೊದಲೇ ಔಷಧಿ ಕೊಟ್ಟು, ಹಲ್ಲು ಕೀಳುವ ವ್ಯವಸ್ಥೆಯಾಯಿತು. ಅವರು ಹೋದ ಮೇಲೆ ನಾನು ಸಿದ್ಧಮಾಡಿದ್ದನ್ನೆಲ್ಲ ಎತ್ತಿಡತೊಡಗಿದೆ.

"ಕೇಳಿದ್ದೆ ಸರ್. ಇಲ್ಲ ಅಂದ್ಲು," ಅಂದೆ.

"ಕೇಳಿದ್ದು ಸರಿ ಕಣಮ್ಮ. ತಾಯಿ ಬಾಯಿ ಸುಳ್ಳು ಹೇಳ್ಬೋದು, ಭಯಕ್ಕೆ. ಮಗೀನ ಮೈ ಹೇಳಲ್ಲ. ನೀನು ಬಾಯೊಳಗೆ ನೋಡೋದ್ರಾಗೆ ನನಗಿಂತ ಜಾಣೆ. ಬಾಯಿ ಸುತ್ತ ಒಂದ್ ಮಗು ಇರ್ತದೆ, ಅದನ್ನೂ ನೋಡು."

ಅವತ್ತಿನಿಂದ ನಾನು ಬಾಗಿಲಿನಿಂದಲೇ ಮಗುವನ್ನು ನೋಡುವುದನ್ನು ಕಲಿತೆ. ಹೇಗೆ ನಡೆಯುತ್ತದೆ, ಹೇಗೆ ಉಸಿರಾಡುತ್ತದೆ, ಅಮ್ಮನ ಹೆಗಲ ಮೇಲೆ ಬಾಯಿ ತೆರೆದು ಮಲಗುತ್ತದಾ, ಅಮ್ಮನ ಯಾವ ಪಕ್ಕ ಕೂರುತ್ತದೆ. ಕುರ್ಚಿಗೆ ಬರುವುದರೊಳಗೆ ಅರ್ಧ ತಿಳಿದಿರಬೇಕು. ಹೊಸಬರಿಗೆ ನಾನು ಕೊಡುವ ಒಂದೇ ದೊಡ್ಡ ಬುದ್ಧಿಮಾತು ಇದು. ಇದು ಕೂಡ ನನ್ನದಲ್ಲ, ಸರ್ ಅವರದು.

ಸಿಂಚನಳಿಗೆ ತಂತಿ ಹಾಕದೆ ಕಾದೆವು. ಈ ಕೆಲಸದಲ್ಲಿ ಕಾಯುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಜಾಗ ಹೋಗುತ್ತಿದೆ ಅಂತ ಗೊತ್ತಿದ್ದೂ ಕೈಕಟ್ಟಿ ಕೂರಬೇಕು. ಮುಂದಿನ ವರ್ಷ ಹೃದಯದ ಆಪರೇಷನ್ ಆಯಿತು. ಆಪರೇಷನ್ನಿಗೆ ಕರೆದುಕೊಂಡು ಹೋಗುವ ಹಿಂದಿನ ದಿನ ಸುಮಾ ಬಟವಾಡಿಗೆ ಬಂದು ಸರ್ ಕೈಯಿಂದ ಮಗುವಿನ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋದಳು. ಆ ವಾರ ಸರ್ ಎಮ್ಮೆಯ ಕಥೆ ಹೇಳಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳು ಕಿರುಚಿದರು. ಫೋನ್ ಬಂದಾಗಲೆಲ್ಲ ಇಬ್ಬರೂ ತಲೆಯೆತ್ತುತ್ತಿದ್ದೆವು. ಕೊನೆಗೆ ಸುಮಾಳ ಗಂಡ ಫೋನ್ ಮಾಡಿ, "ಮಗು ಕಣ್ ಬಿಡ್ತು ಸರ್," ಅಂದರು. ಸರ್ ರಿಸೀವರ್ ಇಟ್ಟು, ಕನ್ನಡಕ ಒರೆಸಿಕೊಂಡು, ಮುಂದಿನ ಪೇಷಂಟನ್ನು ಕರೆದರು. ಕುರ್ಚಿಗೆ ಬಂದ ಹುಡುಗಿಗೆ ಎಮ್ಮೆ ಬಿಟ್ಟು ಆನೆಯ ಕಥೆ ಹೇಳಿದರು.

ಹೃದ್ರೋಗದ ಡಾಕ್ಟರು ಒಪ್ಪಿಗೆ ಕೊಡುವ ಹೊತ್ತಿಗೆ ಸಿಂಚನಳ ಆ ದವಡೆ ಹಲ್ಲು ಹುಟ್ಟಿ, ನಾನು ಹೆದರಿದಂತೆ ಮುಂದಕ್ಕೆ ವಾಲಿತ್ತು. ಸ್ಪ್ರಿಂಗ್ ಇರುವ ತಂತಿ ಹಾಕಿ ಆದಷ್ಟು ಹಿಂದಕ್ಕೆ ತಳ್ಳಿದೆ. ಪೂರ್ತಿ ಜಾಗ ಸಿಗಲಿಲ್ಲ. ಸಿಕ್ಕಿದ್ದನ್ನು ಕಾದೆ. ಹನ್ನೊಂದು ವರ್ಷಕ್ಕೆ ಬಂದ ಹೊಸ ಹಲ್ಲು ಸ್ವಲ್ಪ ಓರೆಯಾಗಿ ನಿಂತಿತು. ಅದನ್ನು ಇನ್ನೂ ನೆಟ್ಟಗೆ ಮಾಡಬಹುದು ಅಂತ ಹೇಳಿದೆ. ಅಷ್ಟು ಹೊತ್ತಿಗೆ ಕ್ಲಿನಿಕ್ಕಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಹುಡುಗಿಯಾಗಿದ್ದ ಅವಳು, "ಬೇಡ ಆಂಟಿ, ಇರ್ಲಿ ಬಿಡಿ, ನನ್ ಫ್ರೆಂಡ್ಸಿಗೆ ಇಷ್ಟ," ಅಂದಳು. ಆ ಓರೆ ಹಲ್ಲನ್ನು ನಾನು ಎಂದೂ ಸೋಲು ಅಂದುಕೊಂಡಿಲ್ಲ.

ಸಿಂಚನಳ ಆಪರೇಷನ್ ಆದ ಮೇಲೆ ಸರ್ ಕೂಡ ಬದಲಾದರು. ಅದಕ್ಕೆ ಸಿಂಚನಳೊಬ್ಬಳೇ ಕಾರಣವಲ್ಲ. ನಾನು ಮೊದಲ ವಾರದಲ್ಲಿ ತಂತಿ ಹಾಕೋಣ ಅಂದಿದ್ದೆನಲ್ಲ, ಆ ಹುಡುಗ ಹದಿನಾಲ್ಕು ವರ್ಷದವನಾಗಿ ಮತ್ತೆ ಬಂದ. ಕೆಳಗಿನ ಎರಡು ಹಲ್ಲು ಜಾಗವಿಲ್ಲದೆ ಮೂಳೆಯಲ್ಲೇ ಉಳಿದಿದ್ದವು. ಸರ್ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಾರನೆಯ ದಿನದಿಂದ, ಹಾಲುಹಲ್ಲು ಕಿತ್ತ ಪ್ರತಿ ಮಗುವಿನ ತಂದೆತಾಯಿಗೂ ಒಂದೇ ಮಾತು: "ಕಿತ್ತು ಕೈ ತೊಳ್ಕೊಳ್ಳೋದ್ ನನ್ ಕೆಲ್ಸ. ಜಾಗ ಕಾಯೋದು ಆ ವಸುಂಧರಮ್ಮನ್ ಕೆಲ್ಸ. ಪಕ್ಕದ್ ರೂಮಿಗೆ ಹೋಗ್ರಪ್ಪ."

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ರೂಮಿಗೆ ಬಂದು, "ಅದೇನೋ ತಂತಿ ಬಗ್ಗಿಸ್ತೀಯಲ್ಲ, ತೋರ್ಸು," ಅಂದರು. ಅರ್ಧ ಗಂಟೆ ಪ್ಲೈಯರ್ ಹಿಡಿದು ಬಗ್ಗಿಸಿದರು. ಮೂವತ್ತು ವರ್ಷ ಹಲ್ಲು ಕಿತ್ತ ಕೈ, ತಂತಿ ತುಂಡಾಗುತ್ತಿತ್ತು. "ಇದು ಅಕ್ಕಸಾಲಿ ಕೆಲ್ಸ ಕಣಮ್ಮ, ನಂದು ಕಮ್ಮಾರಂದು," ಅಂತ ನಕ್ಕು ಎದ್ದರು. ತಾವು ಕೆಲಸ ಬಿಡುವವರೆಗೆ ಆಗಾಗ ಬಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವರು ಈಗಿಲ್ಲ. ಟೈರ್ ಅಂಗಡಿಯೂ ಇಲ್ಲ, ಆ ಜಾಗದಲ್ಲಿ ಮೊಬೈಲ್ ಶೋರೂಮ್ ಇದೆ.

ವಿಧಾನಗಳು ಬದಲಾದವು. ದೋಸೆ ಹಿಟ್ಟಿನ ಅಚ್ಚು ಹೋಗಿ ಪೆನ್ನಿನಂಥ ಕ್ಯಾಮೆರಾ ಬಂತು. ಬಾಯೊಳಗೆ ಆಡಿಸಿದರೆ ಪರದೆಯ ಮೇಲೆ ಹಲ್ಲುಗಳು ಮೂಡುತ್ತವೆ. ಮಕ್ಕಳು ತಮ್ಮ ಹಲ್ಲನ್ನೇ ತಿರುಗಿಸಿ ನೋಡಿ ಬೆರಗಾಗುತ್ತಾರೆ, ಯಾರೂ ಎಡಗಾಲು ಎತ್ತಬೇಕಾಗಿಲ್ಲ. ಬೆಸುಗೆಗೆ ಬೆಂಗಳೂರಿಗೆ ಕಳಿಸಿದರೆ ಎರಡು ದಿನದಲ್ಲಿ ಕೊರಿಯರ್ ಬರುತ್ತದೆ. ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಸೀರೆಯ ಮೇಲಿನ ವಾಂತಿಯನ್ನು ಒಗೆದವಳು ನಾನು.

ಬದಲಾಗದೆ ಉಳಿದದ್ದು ಒಂದೇ, ತಂದೆತಾಯಿಯ ಮರೆವು. ತಂತಿ ಹಾಕಿದರೆ ಕೆಲಸ ಅರ್ಧ ಮಾತ್ರ ಮುಗಿಯುತ್ತದೆ. ನಾಲ್ಕೈದು ತಿಂಗಳಿಗೊಮ್ಮೆ ನೋಡಬೇಕು. ಸಿಮೆಂಟು ಕರಗಿದರೆ ಬ್ಯಾಂಡಿನೊಳಗೇ ಹುಳುಕು ಹಿಡಿಯುತ್ತದೆ, ಕುಣಿಕೆ ವಸಡಿನೊಳಗೆ ಹೂತುಹೋಗುತ್ತದೆ. ಹೊಸ ಹಲ್ಲು ಬಂದಾಗ ತೆಗೆಯದಿದ್ದರೆ ಕಾವಲುಗಾರನೇ ಬಾಗಿಲಿಗೆ ಅಡ್ಡ ನಿಂತಂತಾಗುತ್ತದೆ. ಮೊದಮೊದಲು ಐದು ತಿಂಗಳು ಬಿಟ್ಟು ಬನ್ನಿ ಅನ್ನುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಆಮೇಲೆ ಹಬ್ಬದ ಲೆಕ್ಕ ಹಿಡಿದೆ. "ಯುಗಾದಿಗೆ ಒಬ್ಬಟ್ಟು ತಿಂದ ವಾರ ಬನ್ನಿ. ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಬನ್ನಿ. ಸಂಕ್ರಾಂತಿ ಎಳ್ಳು ನನಗೇ ತಂದುಕೊಡಿ." ಬಂದರು. ಸಂಕ್ರಾಂತಿಯ ವಾರವೆಲ್ಲ ನಮ್ಮ ಮನೆಯಲ್ಲಿ ಎಳ್ಳು ಬೆಲ್ಲದ ಪೊಟ್ಟಣಗಳ ರಾಶಿ. ಅದರಲ್ಲಿ ಕೊಬ್ಬರಿ ಚೂರು ಇರುತ್ತಿತ್ತು ಅನ್ನುವುದೂ ನಿಜ.

ಕೊನೆಯ ಬುಧವಾರ ಗುಬ್ಬಿಯಲ್ಲಿ ನಾನು ನೋಡಿದ ಕೊನೆಯ ಮಗು ತನುಶ್ರೀ. ಹನ್ನೊಂದು ವರ್ಷ. ನಾಲ್ಕು ವರ್ಷದಿಂದ ತಂತಿ ಹಾಕಿಸಿಕೊಂಡಿದ್ದವಳು. ಕುಣಿಕೆಯ ನಡುವೆ ಹೊಸ ಹಲ್ಲು ಬೆಳ್ಳಗೆ, ನೆಟ್ಟಗೆ ತಲೆಯೆತ್ತಿತ್ತು. ಇನ್ನು ತಂತಿಗೆ ಕೆಲಸವಿರಲಿಲ್ಲ. ನನ್ನ ನಂತರ ಆ ಕ್ಲಿನಿಕ್ಕನ್ನು ನೋಡಿಕೊಳ್ಳಲು ಬಂದಿದ್ದ ಡಾಕ್ಟರ್ ನೌಶೀನ್ ಪಕ್ಕದಲ್ಲಿದ್ದಳು. "ನೀವೇ ತೆಗೀರಿ ಮೇಡಂ," ಅಂದಳು. ಪ್ಲೈಯರ್ ಹಿಡಿದು ಬ್ಯಾಂಡನ್ನು ಮೆಲ್ಲಗೆ ಮೇಲಕ್ಕೆ ಎತ್ತಿದೆ. ಟಿಕ್ ಎಂದು ಬಿಟ್ಟುಕೊಂಡಿತು. ಉಳಿದ ಸಿಮೆಂಟನ್ನು ಕೆರೆದೆ, ಬಾಯಿ ಮುಕ್ಕಳಿಸಲು ಹೇಳಿದೆ.

ತನುಶ್ರೀ ಬಾಯಿ ಮುಚ್ಚಿ, ಕಣ್ಣು ಮೇಲೆ ಮಾಡಿ, ಒಳಗೆ ನಾಲಿಗೆ ಆಡಿಸಿದಳು.

"ಏನ್ ಪುಟ್ಟಿ? ನೋವಾಗ್ತಿದ್ಯಾ?"

"ಇಲ್ಲ ಆಂಟಿ. ನಾಲಿಗೆ ತಂತಿ ಹುಡುಕ್ತಾ ಐತೆ. ಕ್ಲಾಸಲ್ಲಿ ಬೋರಾದಾಗ ಅದ್ರಲ್ಲೇ ಆಡ್ಕೊಂಡ್ ಕೂತ್ಕೋತಿದ್ದೆ. ಈಗೇನ್ ಮಾಡ್ಲಿ?"

"ಎರಡು ದಿನ ಹುಡುಕುತ್ತೆ. ಆಮೇಲೆ ಮರೆತುಬಿಡುತ್ತೆ, ನೋಡ್ತಿರು," ಅಂದೆ.

ಅವಳು ಅನುಮಾನದಿಂದ ನನ್ನನ್ನು ನೋಡಿ, ಅಮ್ಮನ ಕೈ ಹಿಡಿದು ಹೊರಟುಹೋದಳು.

ಮುಂದಿನ ಬುಧವಾರ ಬೆಳಿಗ್ಗೆ ನಾನು ಎಂದಿನಂತೆ ಎದ್ದು, ಸ್ನಾನ ಮಾಡಿ, ಡಬ್ಬಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಗುರುತಿನ ಕಂಡಕ್ಟರು, "ಹತ್ತಿ ಮೇಡಂ, ಗುಬ್ಬಿ ತಾನೆ?" ಅಂದಾಗಲೇ ನೆನಪಾದದ್ದು. ಇಲ್ಲ ಅನ್ನಲು ನಾಚಿಕೆಯಾಗಿ ಹತ್ತಿ ಟಿಕೆಟ್ ತೆಗೆದುಕೊಂಡೆ. ಗುಬ್ಬಿಯಲ್ಲಿ ಇಳಿದು, ಕ್ಲಿನಿಕ್ಕಿನ ಎದುರು ಬದಿಯ ಹೋಟೆಲಿನಲ್ಲಿ ಕೂತು ಒಂದು ಖಾಲಿ ದೋಸೆ ತಿಂದೆ. ಗಾಜಿನ ಬಾಗಿಲಿನಾಚೆ ನೌಶೀನ್ ಒಂದು ಮಗುವಿನ ಮುಂದೆ ಮಂಡಿಯೂರಿ ಕೂತು ಏನೋ ಹೇಳುತ್ತಿದ್ದಳು, ಮಗು ನಗುತ್ತಿತ್ತು. ಒಳಗೆ ಹೋಗಲಿಲ್ಲ. ಕಾಫಿ ಕುಡಿದು, ಸಿಕ್ಕಿದ ಬಸ್ಸಿನಲ್ಲಿ ವಾಪಸ್ಸು ಬಂದೆ.

ಅದರ ಮುಂದಿನ ಬುಧವಾರ ಎದ್ದಾಗ ಬಿಸಿಲು ಚೆನ್ನಾಗಿ ಏರಿತ್ತು. ಇವತ್ತು ಬುಧವಾರ ಅಂತ ನನಗೆ ಹೊಳೆದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ.